ಅಜ್ಜನ ಸ್ಕೂಟರ್ ಕೀ ಕಿತ್ಕೊಂಡ್ರೆ ಮುಗೀತೇ?

ಸಂಜೆ ಆರೂವರೆ ಗಂಟೆ. ತುಮಕೂರಿನ ಮಂಡಿಪೇಟೆ. ಒಂದು ಕಡೆ ಲಾರಿಯಿಂದ ಮೂಟೆ ಇಳೀತಿದೆ, ಇನ್ನೊಂದು ಕಡೆ ಆಟೋ ಅಡ್ಡ ನಿಂತಿದೆ. ನಡುವೆ ಒಂದು ಹಳೇ ಸ್ಕೂಟರು. ಅದರ ಮೇಲೆ ಎಪ್ಪತ್ತು ದಾಟಿದ ಯಜಮಾನರು. ಮುಂದೆ ತರಕಾರಿ ಚೀಲ, ಹಿಂದೆ ಮೊಮ್ಮಗಳು. ಎದುರು ಬರುವ ಗಾಡಿಯ ಲೈಟು ಕಣ್ಣಿಗೆ ಹೊಡೆದದ್ದೇ ತಡ, ಯಜಮಾನರು ಎರಡೂ ಕಾಲು ನೆಲಕ್ಕೆ ಊರಿ ನಡುರಸ್ತೆಯಲ್ಲೇ ನಿಂತುಬಿಡ್ತಾರೆ. ಹಿಂದಿನಿಂದ ಹಾರನ್ನಿನ ಸುರಿಮಳೆ. ‘ಏನ್ ತಾತಾ, ಮನೇಲಿ ಕೂತ್ಕೊಳ್ಳೋಕಾಗಲ್ವಾ?’ ಎಂದು ಹುಡುಗನೊಬ್ಬ ಕೂಗಿ ಬೈಕ್ ನುಗ್ಗಿಸಿಕೊಂಡು ಹೋಗ್ತಾನೆ.

ಈ ದೃಶ್ಯ ಯಾವ ಅಂಗಡಿಯವರಿಗೂ ಹೊಸದಲ್ಲ. ಕೆಲವರು ನಗ್ತಾರೆ, ಕೆಲವರು ‘ಅಯ್ಯೋ ಪಾಪ’ ಅಂತಾರೆ. ಆದರೆ ಒಂದು ದಿನ ಆ ಮೊಮ್ಮಗಳೋ, ಶಾಲೆ ಬಿಟ್ಟು ಬರುವ ಇನ್ಯಾರದೋ ಮಗುವೋ ಚಕ್ರದ ಕೆಳಗೆ ಸಿಕ್ಕರೆ? ಆಗ ನಗುವವರು ಯಾರು, ಪಾಪ ಅನ್ನುವವರು ಯಾರು?

ಇದು ಬಡವರ, ಮಧ್ಯಮ ವರ್ಗದವರ ಪಾಡು ಮಾತ್ರವಲ್ಲ. ಇಂಗ್ಲೆಂಡಿನ ರಾಣಿ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ 2019ರ ಜನವರಿಯಲ್ಲಿ, ತಮ್ಮ 97ನೇ ವಯಸ್ಸಿನಲ್ಲಿ, ತಾವೇ ಕಾರು ಓಡಿಸಿಕೊಂಡು ಮುಖ್ಯ ರಸ್ತೆಗೆ ಬಂದಾಗ ಇನ್ನೊಂದು ಕಾರಿಗೆ ಡಿಕ್ಕಿ ಹೊಡೆದರು. ಅವರ ಗಾಡಿ ಮಗುಚಿಬಿತ್ತು. ಇನ್ನೊಂದು ಕಾರಿನಲ್ಲಿದ್ದ ಹೆಂಗಸೊಬ್ಬರ ಮಣಿಕಟ್ಟು ಮುರಿಯಿತು. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು ಆಮೇಲೆ ಕ್ಷಮೆ ಕೇಳಿ ಪತ್ರ ಬರೆದರು. ಮರು ತಿಂಗಳೇ ಲೈಸನ್ಸು ವಾಪಸು ಕೊಟ್ಟರು. ಕರೆದಾಗ ಬರುವ ಡ್ರೈವರುಗಳಿದ್ದ ಮನುಷ್ಯನಿಗೇ ಸ್ಟಿಯರಿಂಗ್ ಬಿಡಲು ಮನಸ್ಸಾಗಲು ಅಷ್ಟು ಹೊತ್ತು ಬೇಕಾಯಿತು. ಸೋಮೇಶ್ವರಪುರಂನ ನಿವೃತ್ತ ಮೇಷ್ಟ್ರಿಗೆ ಸುಲಭವಾದೀತೇ?

ಕಾಗದದ ಕಾನೂನು

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಇಂಥ ವಯಸ್ಸಾದ ಮೇಲೆ ಗಾಡಿ ಓಡಿಸಕೂಡದು ಎಂಬ ನಿಯಮ ಇಲ್ಲ, ನಿಜ. ಆದರೆ 55 ದಾಟಿದವರಿಗೆ ಲೈಸನ್ಸು ನವೀಕರಣ ಐದೈದು ವರ್ಷಕ್ಕೆ ಮಾತ್ರ. 40 ದಾಟಿದ ಮೇಲೆ ಡಾಕ್ಟರ ಸರ್ಟಿಫಿಕೇಟೂ ಬೇಕು. ಆ ಫಾರಂನಲ್ಲಿ ಒಂದು ಪ್ರಶ್ನೆ ಇದೆ: ಒಳ್ಳೇ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಕಾಣುತ್ತದೆಯೇ? ರಾತ್ರಿಗುರುಡು ಇದೆಯೇ, ಕಿವಿ ಕೇಳುತ್ತದೆಯೇ ಎಂದೂ ಕೇಳಲಾಗಿದೆ.

ಪ್ರಶ್ನೆ ಚೆನ್ನಾಗಿದೆ. ಆದರೆ ಉತ್ತರ ಬರೆಯುವವರು ಎಷ್ಟು ಜನ ಅರ್ಜಿದಾರರ ಮುಖ ನೋಡಿ ಬರೀತಾರೆ? ಅರ್ಜಿದಾರ ಮನೇಲಿ, ಫಾರಂ ಮಧ್ಯವರ್ತಿಯ ಕೈಯಲ್ಲಿ, ಸಹಿ ಇನ್ನೆಲ್ಲೋ! ಹೀಗೆ ಬಂದ ಸರ್ಟಿಫಿಕೇಟು ಯಜಮಾನರ ಕಣ್ಣಿಗೆ ಬೆಳಕು ಕೊಡುತ್ತದೆಯೇ? ಇನ್ನು ಲೈಸನ್ಸಿನ ಅವಧಿ ಮುಗಿದದ್ದೇ ಗೊತ್ತಿಲ್ಲದೆ ಓಡಾಡುವ ಹಿರಿಯರೂ ಇದ್ದಾರೆ. ಅಪಘಾತವಾದರೆ ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲಿ ಮಾಡಲು ಬರಬಹುದು. ಆಗ ಮನೆ-ಮಠ ಮಾರಬೇಕಾದ ಗತಿ.

ವಯಸ್ಸೇ ತಪ್ಪಲ್ಲ

ಹಾಗಂತ ನರೆಗೂದಲು ಕಂಡ ಕೂಡಲೆ ಗಾಡಿ ಬಿಡಿಸಬೇಕೆನ್ನುವುದೂ ಸರಿಯಲ್ಲ. ಬಿ.ಎಚ್. ರಸ್ತೆಯಲ್ಲಿ ಮೂರು ಜನ ಕೂತು ಹಾವಿನಂತೆ ಹೊರಳಾಡಿಸಿಕೊಂಡು ಹೋಗುವ ಹುಡುಗರಿಗಿಂತ ಈ ಹಿರಿಯರು ನೂರು ಪಾಲು ವಾಸಿ. ಕುಡಿಯಲ್ಲ, ನುಗ್ಗಲ್ಲ, ಹೆಲ್ಮೆಟ್ಟು ಮರೆಯಲ್ಲ. ತೊಂದರೆ ಇರುವುದು ಮನಸ್ಸಿನಲ್ಲಲ್ಲ, ಮೈಯಲ್ಲಿ. ಪೊರೆ ಬಂದ ಕಣ್ಣಿಗೆ ಎದುರಿನ ಲೈಟು ಒಡೆದ ಕನ್ನಡಿಯಂತೆ ಚೆದುರಿ ಕಾಣುತ್ತದೆ. ಗ್ಲಾಕೋಮಾ ಬಂದವರಿಗೆ ಪಕ್ಕದ ನೋಟ ಸದ್ದಿಲ್ಲದೆ ಕಿರಿದಾಗುತ್ತದೆ. ಕತ್ತು ತಿರುಗದವರಿಗೆ ಬಲಕ್ಕೆ ತಿರುಗುವಾಗ ಹಿಂದಿನ ಬಸ್ಸು ಕಾಣಲ್ಲ. ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ಊಟ ತಡವಾದರೆ ತಲೆ ಗಿರ್ರೆನ್ನುತ್ತದೆ. ನೆಗಡಿ ಮಾತ್ರೆಗೆ ತೂಕಡಿಕೆ.

ಇದರಲ್ಲಿ ಕೆಲವಕ್ಕೆ ಮದ್ದಿದೆ. ಪೊರೆಗೆ ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲೇ ಆಪರೇಷನ್ ಆಗುತ್ತೆ. ಆಮೇಲೆ ಡಾಕ್ಟರು ಸರಿ ಅಂದರೆ ಮತ್ತೆ ಗಾಡಿ ಹತ್ತಬಹುದು. ಕತ್ತಲಾದ ಮೇಲೆ ಬೇಡ, ಶಾಲೆ ಬಿಡುವ ಹೊತ್ತಿನಲ್ಲಿ ಬೇಡ, ಟೌನ್‌ಹಾಲ್ ಸರ್ಕಲ್ ಬೇಡ ಎಂದು ಗೆರೆ ಹಾಕಿಕೊಂಡರೆ ಅರ್ಧ ಅಪಾಯ ತಪ್ಪೀತು. ಗಾಡಿಯ ಮೈಮೇಲೆ ಹೊಸ ಹೊಸ ಗೀರು ಕಂಡರೆ, ಗೊತ್ತಿರುವ ದಾರಿಯೇ ತಪ್ಪಿದರೆ, ಬ್ರೇಕೆಂದು ಆಕ್ಸಲರೇಟರ್ ಒತ್ತಿದರೆ ಮಾತ್ರ ಇನ್ನು ಮುಲಾಜು ನೋಡಬಾರದು.

ಆ ಮಾತು ಹೇಳುವುದು ಹೇಗೆ? ಸೊಸೆಯ ಮುಂದೆ, ನೆಂಟರ ಮುಂದೆ ‘ಅಪ್ಪಾ, ನಿಮ್ಮ ಕೈಲಿ ಆಗಲ್ಲ’ ಅಂದರೆ ಯಾವ ಅಪ್ಪನಾದರೂ ಮಾರನೇ ದಿನ ಹಟಕ್ಕೇ ಸ್ಕೂಟರ್ ತೆಗೀತಾರೆ. ಮಗ ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು ನೋಡಲಿ. ‘ಬನ್ನಿ ಅಪ್ಪಾ, ಇಬ್ಬರೂ ಕಣ್ಣು ತೋರಿಸಿಕೊಂಡು ಬರೋಣ’ ಅನ್ನಲಿ. ಮಗ ಹೇಳಿದರೆ ಕೇಳದ ಮಾತು ಡಾಕ್ಟರು ಹೇಳಿದರೆ ಕಿವಿಗೆ ಬೀಳುತ್ತದೆ.

ಕೀ ಕೊಟ್ಟ ಮೇಲೆ?

ಮುಖ್ಯ ಪ್ರಶ್ನೆ ಇಲ್ಲಿದೆ. ಆ ಸ್ಕೂಟರು ಬರೀ ಸ್ಕೂಟರಲ್ಲ. ಅದೇ ಪೆನ್ಷನ್ನು, ಅದೇ ದೇವಸ್ಥಾನ, ಅದೇ ಹಳೇ ಗೆಳೆಯರ ಕಟ್ಟೆ. ಕೀ ಕಿತ್ತುಕೊಂಡು ಬೇರೇನೂ ಕೊಡದಿದ್ದರೆ ಯಜಮಾನರು ಮನೆಯೊಳಗಿನ ಕೈದಿ. ಜಪಾನಿನಲ್ಲಿ 1998ರಿಂದಲೇ ಹಿರಿಯರು ತಾವಾಗಿ ಲೈಸನ್ಸು ಹಿಂತಿರುಗಿಸುವ ಏರ್ಪಾಡಿದೆ. ಹಿಂತಿರುಗಿಸಿದವರಿಗೆ ಒಂದು ಪ್ರಮಾಣಪತ್ರ. ಅದನ್ನು ತೋರಿಸಿದರೆ ಎಷ್ಟೋ ಊರುಗಳಲ್ಲಿ ಬಸ್ಸು, ಟ್ಯಾಕ್ಸಿ ದರದಲ್ಲಿ ಸೋಡಿ. ಬಿಟ್ಟುಕೊಟ್ಟವರಿಗೆ ಮರ್ಯಾದೆ!

ನಮ್ಮಲ್ಲಿ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಗೆ ಸಾಮಾನ್ಯ ಬಸ್ಸು ಪುಕ್ಕಟೆ. 60 ದಾಟಿದ ಅಜ್ಜನಿಗೂ ಕೆಎಸ್ಸಾರ್ಟಿಸಿಯಲ್ಲಿ ನೂರಕ್ಕೆ 25 ರಿಯಾಯಿತಿ ಇದೆ. ಆದರೆ ರಿಯಾಯಿತಿ ಸಿಕ್ಕಿತೆಂದು ಮೆಟ್ಟಿಲು ತಗ್ಗಲಿಲ್ಲವಲ್ಲ! ಮಂಡಿ ನೋವಿನವರು ಮೊದಲ ಮೆಟ್ಟಿಲಿಗೆ ಕಾಲೆತ್ತುವಷ್ಟರಲ್ಲಿ ‘ರೈಟ್’ ಅಂದುಬಿಟ್ಟರೆ ಅವರು ನಾಳೆ ಮತ್ತೆ ಸ್ಕೂಟರನ್ನೇ ತೆಗೀತಾರೆ. ಹಿರಿಯರ ಸೀಟೆಂದು ಬರೆದ ಕಡೆ ಹುಡುಗ ಮೊಬೈಲು ನೋಡುತ್ತಾ ಕೂತಿದ್ದರೆ ಎಬ್ಬಿಸುವವರೂ ಇಲ್ಲ.

ಅಂಗಡಿಯವರೂ ಸ್ವಲ್ಪ ಯೋಚಿಸಬೇಕು. ಫುಟ್‌ಪಾತಿನ ಮೇಲೆ ಮೂಟೆ, ಬೋರ್ಡು ಇಟ್ಟರೆ ನಡೆಯುವ ಮುದುಕರು ಎಲ್ಲಿ ನಡೀಬೇಕು? ತಿಂಗಳ ದಿನಸಿಯನ್ನು ಹುಡುಗನ ಕೈಲಿ ಮನೆಗೆ ಕಳಿಸಿದರೆ, ಅಂಗಡಿ ಮುಂದೆ ಒಂದು ಕುರ್ಚಿ ಹಾಕಿದರೆ ನಷ್ಟವೇನಿಲ್ಲ. ಮೂವತ್ತು ವರ್ಷದ ಗಿರಾಕಿ ಉಳೀತಾರೆ.

ಆರ್‌ಟಿಓ ಕಚೇರಿ ನಿಜವಾಗಿ ಕಣ್ಣು ನೋಡಿದ ಸರ್ಟಿಫಿಕೇಟನ್ನೇ ಒಪ್ಪಲಿ. ಬಸ್ಸಿನವರು ಒಂದು ನಿಮಿಷ ಹೆಚ್ಚು ನಿಲ್ಲಿಸಲಿ. ಇಂದು ಹಾರನ್ ಹೊಡೆಯುವವರೂ ನಾಳೆ ಅದೇ ಸೀಟಿನಲ್ಲಿ ಕೂರುವವರೇ. ಸಂಬಂಧಪಟ್ಟವರು ಇತ್ತ ಗಮನ ಕೊಡುವರೇ, ಅಥವಾ ಮಂಡಿಪೇಟೆಯಲ್ಲಿ ರಕ್ತ ಬೀಳುವ ತನಕ ಕಾಯುವರೇ?