ಮೊಲಕ್ಕೆ ಗೂಡೊಂದೇ ಸಾಕೇ?

‘ಮೊಲ ಸಾಧು ಪ್ರಾಣಿ, ಗೂಡಿನಲ್ಲಿಟ್ಟು ಕ್ಯಾರೆಟ್ ಹಾಕಿದರೆ ಸಾಕು’ ಎಂದು ನಂಬಿರುವವರು ಬಹಳ ಜನ. ಇದು ತಪ್ಪು. ಓಡಾಟವಿಲ್ಲದ ಮೊಲಕ್ಕೆ ಬೊಜ್ಜು ಬರುತ್ತದೆ, ಮೂಳೆ ದುರ್ಬಲವಾಗುತ್ತದೆ, ಕರುಳಿನ ಚಲನೆಯೂ ನಿಧಾನವಾಗುತ್ತದೆ. ಕರುಳು ಕೆಲಸ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅರ್ಧ ದಿನ ಮೇವು ಮುಟ್ಟದಿದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು.

ಒಂದು ಜೋಡಿ ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕೆನ್ನುತ್ತದೆ ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಜನ ವಾಸವಿರುವ ಕೆಜಿಎಫ್‌ನ ಲೈನ್ ಮನೆಗಳಲ್ಲಾಗಲಿ, ಬಂಗಾರಪೇಟೆಯ ವಠಾರಗಳಲ್ಲಾಗಲಿ ಅಷ್ಟು ಜಾಗ ಮೊಲಕ್ಕೇ ಬಿಡಲು ಯಾರಿಂದಾದೀತು?

ಇಡೀ ದಿನ ಆಗದಿದ್ದರೂ ಹೊತ್ತು ನೋಡಿ ಬಿಡಬಹುದು. ಮೊಲ ಚುರುಕಾಗುವುದು ಮುಂಜಾನೆ ಮತ್ತು ಮುಸ್ಸಂಜೆ. ನಡುಹಗಲು ಹೆಚ್ಚಾಗಿ ಮಲಗಿರುತ್ತದೆ. ಆ ಎರಡು ಹೊತ್ತು ಸೇರಿ ಮೂರ್ನಾಲ್ಕು ಗಂಟೆ ಮನೆಯವರು ಸರದಿಯಲ್ಲಿ ಕಾವಲಿದ್ದು ಒಂದು ಕೋಣೆ ಬಿಟ್ಟುಕೊಡಲಿ. ಚಾರ್ಜರ್ ವೈರ್ ಮೇಲೆತ್ತಿಡಿ, ಅದರ ಕಣ್ಣು ಮೊದಲು ಬೀಳುವುದೇ ಅಲ್ಲಿ! ನುಣುಪು ನೆಲಕ್ಕೆ ದಾರ ಬಿಡದ ಜಮಖಾನ ಹಾಸಿದರೆ ಕಾಲು ಜಾರದು. ಗೋಡೆಯಾಚೆಯವರಿಗೂ ಕುಟ್ಟುವ ಸದ್ದು ಕಡಿಮೆ.

ಆಟ ಮುಗಿಸಲು ಕಿವಿ ಹಿಡಿದು ಎತ್ತಬೇಡಿ, ಒದ್ದಾಡಿದರೆ ಬೆನ್ನುಮೂಳೆಯೇ ಮುರಿಯಬಹುದು. ಗೂಡಿನೊಳಗೆ ನಾಲ್ಕು ಎಳೆ ಕೊತ್ತಂಬರಿ ಇಡಿ, ತಾನೇ ಹೋಗುತ್ತದೆ.