ಜೈ, ವೀರು ಮತ್ತು ನನ್ನ ಎರಡು ಸ್ಟಾರು

ಇಲ್ಲಿ ಬರೆದು ತುಂಬಾ ದಿನ ಆಗಿತ್ತು. ಕಾರಣ ನಿಮಗೆಲ್ಲ ಗೊತ್ತಿರೋದೇ. ಆಫೀಸು, ರಿಲೀಸು, ರಿಲೀಸ್ ಆದಮೇಲೆ ಬಗ್ಗು... ಇವತ್ತು ಎಲ್ಲ ಬದಿಗಿಟ್ಟು ಬರೆಯೋಕೆ ಕೂರಿಸಿದ್ದು ನಮ್ಮ ದೊಡ್ಡಪ್ಪ.

2025ರ ನವೆಂಬರ್ 24ರಂದು ಧರ್ಮೇಂದ್ರ ತೀರಿಕೊಂಡರು. ಅವತ್ತು ಸಂಜೆ ಊರಿಂದ ದೊಡ್ಡಪ್ಪನ ಫೋನು. "ವೀರು ಹೋಗ್ಬುಟ್ನಂತೆ ಕಣ್ಲಾ" ಅಂದರು, ಪಕ್ಕದ ಬೀದಿಯವರು ಯಾರೋ ಹೋದ ಹಾಗೆ. ಮೂರು ವಾರದೊಳಗೆ, ಡಿಸೆಂಬರ್ 12ಕ್ಕೆ, ‘ಶೋಲೆ’ಯ ಹೊಸದಾಗಿ ಸರಿಪಡಿಸಿದ ಪ್ರತಿ ಥಿಯೇಟರಿಗೆ ಬಂತು. ಭಾನುವಾರ ದೊಡ್ಡಪ್ಪನನ್ನು ಬೆಂಗಳೂರಿಗೆ ಕರೆಸಿಕೊಂಡು ಮಾಲಿಗೆ ಕರಕೊಂಡು ಹೋದೆ. ವಯಸ್ಸು ಎಪ್ಪತ್ತು. ಪಂಚೆ, ಹೆಗಲ ಮೇಲೆ ಟವೆಲ್ಲು. ಪಾಪ್‌ಕಾರ್ನಿನ ರೇಟು ಕೇಳಿ, "ಈ ದುಡ್ಗೆ ಒಂದು ಮಂಕ್ರಿ ಕಡ್ಲೆಕಾಯಿ ಬತ್ತದೆ" ಅಂದರು.

ನಾವು ರಾಮನಗರದ ಕಡೆಯವರು ಅನ್ನೋದು ಹಳೇ ಓದುಗರಿಗೆ ಗೊತ್ತು. ನಮ್ಮೂರಿನ ಹೆಸರು ಬದಲಾಗ್ತಾನೇ ಇರುತ್ತೆ. ಟಿಪ್ಪುವಿನ ಕಾಲದಲ್ಲಿ ಒಂದು, ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿಸಿ ಜಿಲ್ಲೆ ಮಾಡಿದರು. 2025ರಲ್ಲಿ ಆ ಜಿಲ್ಲೆಯ ಹೆಸರನ್ನೂ ಬೆಂಗಳೂರು ದಕ್ಷಿಣ ಅಂತ ಬದಲಾಯಿಸಿದರು. ಯಾರು ಏನೇ ಬೋರ್ಡು ಹಾಕಲಿ, ದೊಡ್ಡಪ್ಪನ ಮಟ್ಟಿಗೆ ಅದು ರಾಮಗಢವೇ.

1973ರ ಅಕ್ಟೋಬರಿನಲ್ಲಿ ಶೂಟಿಂಗ್ ಶುರುವಾದಾಗ ಅವರಿಗೆ ಹದಿನೆಂಟು. ಕಲಾ ನಿರ್ದೇಶಕ ರಾಮ್ ಯಡೇಕರ್ ನಮ್ಮ ಬಂಡೆಗಳ ಕೆಳಗೆ ಒಂದು ಇಡೀ ಊರನ್ನೇ ಕಟ್ಟಿಸಿದ್ದರು. ಮನೆ, ದೇವಸ್ಥಾನ, ಮಸೀದಿ, ನೀರಿನ ಟ್ಯಾಂಕು ಎಲ್ಲ ಸೆಟ್ಟು. ಅಲ್ಲಿಗೆ ಹೈವೇಯಿಂದ ರಸ್ತೇನೂ ಮಾಡಿಸಿದರು. ದೊಡ್ಡಪ್ಪ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ತರ್ತೀನಿ ಅಂತ ಮನೇಲಿ ಹೇಳಿ ಸೈಕಲ್ ಹತ್ತಿ ಶೂಟಿಂಗ್ ನೋಡೋಕೆ ಹೋಗ್ತಿದ್ದರಂತೆ. ಹುಳುಗಳು ಉಪವಾಸ, ತಾತನಿಂದ ಒದೆ. ಈ ಕತೆಯನ್ನು ನಾನು ಕಡಿಮೆ ಅಂದರೂ ನೂರು ಸಲ ಕೇಳಿದ್ದೀನಿ :-)

ಅವತ್ತು ಥಿಯೇಟರಿನಲ್ಲಿ ನಾನು ಸಿನಿಮಾಗಿಂತ ಹೆಚ್ಚಾಗಿ ದೊಡ್ಡಪ್ಪನನ್ನೇ ನೋಡುತ್ತಿದ್ದೆ. ಗಬ್ಬರ್ ಬಂದಾಗ ಸುಮ್ಮನೆ ಕೂತಿದ್ದರು. ಅಸ್ರಾನಿಯ ಜೈಲರ್ ಬಂದಾಗ ಬಾಯಿ ತೆರೆಯೋಕೆ ಮುಂಚೆಯೇ ನಗು. ಶಿವನ ವಿಗ್ರಹದ ಹಿಂದೆ ಅಡಗಿಕೊಂಡು ವೀರು ದೇವರ ಧ್ವನಿಯಲ್ಲಿ ಬಸಂತಿಗೆ ಬುದ್ಧಿ ಹೇಳುವಾಗ ಪಕ್ಕದ ಸೀಟಿನವರನ್ನು ತಟ್ಟಿ ತಟ್ಟಿ ನಕ್ಕರು. ಜೈ ಮೌಸಿ ಹತ್ತಿರ ಗೆಳೆಯನ ಪರವಾಗಿ ಹೆಣ್ಣು ಕೇಳೋಕೆ ಹೋಗಿ, ಅವನ ಕುಡಿತ ಜೂಜು ಎಲ್ಲವನ್ನೂ ಹೊಗಳ್ತಾ ಹೊಗಳ್ತಾ ಮರ್ಯಾದೆ ಕಳೀತಾನಲ್ಲ, ಅಲ್ಲಂತೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಇಂಟರ್ವೆಲ್ಲಿನಲ್ಲಿ, "ಹಿಂದಿ ಅಷ್ಟು ಅರ್ಥ ಆಗುತ್ತಾ ದೊಡ್ಡಪ್ಪ?" ಅಂತ ಕೇಳಿದೆ. "ಹಿಂದಿ ಯಾರಿಗ್ಲಾ ಬೇಕು, ಅವ್ರಿಬ್ರ ಮೊಕ ನೋಡುದ್ರೆ ಸಾಕು" ಅಂದರು.

ಹೊಸ ಪ್ರತಿಯಲ್ಲಿ ಮೂಲ ಕ್ಲೈಮ್ಯಾಕ್ಸ್ ಇದೆ. ಠಾಕೂರ್ ಗಬ್ಬರನನ್ನು ತುಳಿದು ಕೊಂದೇ ಬಿಡುತ್ತಾನೆ. 1975ರಲ್ಲಿ ತುರ್ತು ಪರಿಸ್ಥಿತಿ. ಮಾಜಿ ಪೊಲೀಸ್ ಅಧಿಕಾರಿ ಕಾನೂನನ್ನು ಕೈಗೆ ತಗೊಳ್ಳೋದು ಬೇಡ ಅಂತ ಸೆನ್ಸಾರಿನವರು ಅದನ್ನು ಬದಲಾಯಿಸಿದ್ದರು. ಐವತ್ತು ವರ್ಷ ಆದಮೇಲೆ ಅದು ವಾಪಸ್ ಬಂದಿದೆ ಅಂತ ನಾನು ದಾರಿಯುದ್ದಕ್ಕೂ ಪಾಠ ಮಾಡಿದೆ. ದೊಡ್ಡಪ್ಪ ಎಲ್ಲಾ ಕೇಳಿಸಿಕೊಂಡು, "ಅದು ಸರಿ ಬುಡು. ಆ ಟ್ಯಾಂಕಿ ಸೀನ್‌ನ ಇನ್ನೊಂದ್ಸಲ ಹಾಕ್ಬೋದಿತ್ತು" ಅಂದರು.

ಇಲ್ಲೇ ನೋಡಿ ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು.

ನಾವೆಲ್ಲ ‘ಶೋಲೆ’ ಅಂದರೆ ಸೇಡು, ಬಂದೂಕು, ಗಬ್ಬರ್ ಅಂತೀವಿ. ರಾಮದೇವರ ಬೆಟ್ಟಕ್ಕೆ ಬರೋ ಟೂರಿಸ್ಟುಗಳೂ ಗಬ್ಬರನ ಬಂಡೆ ಎಲ್ಲಿ ಅಂತಾನೇ ಕೇಳೋದು. ಆದರೆ ಕತೆಯನ್ನು ಬಿಚ್ಚಿ ನೋಡಿದರೆ ಒಳಗಿರೋದು ಇಬ್ಬರು ಚಿಲ್ಲರೆ ಕಳ್ಳರ ತಮಾಷೆ. ಜೈಲಿಗೆ ಹೋಗೋದು, ತಪ್ಪಿಸಿಕೊಳ್ಳೋದು, ಒಬ್ಬರ ಕಾಲು ಒಬ್ಬರು ಎಳೆಯೋದು. ಠಾಕೂರನ ದುಡ್ಡಿಗೆ ಒಪ್ಪಿಕೊಂಡು ಬಂದವರು, ಬಂದ ರಾತ್ರಿಯೇ ಅವನ ತಿಜೋರಿಗೆ ಕೈ ಹಾಕೋಕೆ ನೋಡ್ತಾರೆ. ಈ ತಮಾಷೆ ಹೊಟ್ಟೆ ತುಂಬಿಸೋಕೆ ಹಾಕಿದ ಕಾಮಿಡಿ ಟ್ರ್ಯಾಕ್ ಅಲ್ಲ, ಇಡೀ ಸಿನಿಮಾ ನಿಂತಿರೋದೇ ಅದರ ಮೇಲೆ. ಜೈಯ ನಾಣ್ಯವನ್ನೇ ತಗೊಳ್ಳಿ. ಏನೇ ನಿರ್ಧಾರ ಇದ್ದರೂ ನಾಣ್ಯ ಚಿಮ್ಮಿ ಜೈ ಗೆಲ್ತಾನೇ ಇರ್ತಾನೆ. ನಾವು ನಗ್ತಾ ಇರ್ತೀವಿ. ಕೊನೆಗೆ ಜೈ ಸತ್ತಮೇಲೆ ವೀರು ಆ ನಾಣ್ಯ ತಿರುಗಿಸಿ ನೋಡಿದರೆ ಎರಡೂ ಕಡೆ ಒಂದೇ. ಅಷ್ಟು ಹೊತ್ತು ನಗಿಸಿದ ಜೋಕೇ ಅಲ್ಲಿ ಎದೆಗೆ ಒದೆಯುತ್ತೆ. ಮೊದಲು ನಗದವನಿಗೆ ಅಲ್ಲಿ ಅಳು ಬರಲ್ಲ.

ಇನ್ನು ಜನ ಅದನ್ನು ತಗೊಂಡಿದ್ದು ಹೇಗೆ? ಮೊದಲ ದಿನದಿಂದಲೇ ಸೂಪರ್ ಹಿಟ್ ಅಂದುಕೊಂಡಿದ್ದರೆ ತಪ್ಪು. 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದಾಗ ವಿಮರ್ಶಕರು ತಣ್ಣಗೆ ತಳ್ಳಿಹಾಕಿದರು. ಸಿನಿಮಾ ವ್ಯಾಪಾರದವರು ಮುಳುಗಿತು ಅಂತ ಗುಸುಗುಸು ಶುರುಮಾಡಿದರು. ನಿರ್ದೇಶಕ ರಮೇಶ್ ಸಿಪ್ಪಿ, ಬರಹಗಾರರಾದ ಸಲೀಂ-ಜಾವೇದ್ ಎಲ್ಲ ಅಮಿತಾಭ್ ಮನೆಯಲ್ಲಿ ಕೂತು, ಜೈ ಸಾಯದ ಹಾಗೆ ಕ್ಲೈಮ್ಯಾಕ್ಸ್ ಮತ್ತೆ ಶೂಟ್ ಮಾಡೋಣ ಅಂತ ಚರ್ಚಿಸಿದ್ದರು. ಇನ್ನು ಸ್ವಲ್ಪ ದಿನ ಕಾಯೋಣ ಅಂತ ಬಿಟ್ಟರು. ಅವತ್ತು ಕಾಯದೇ ಹೋಗಿದ್ದರೆ ಆ ನಾಣ್ಯಕ್ಕೆ ಬೆಲೆಯೇ ಇರ್ತಿರಲಿಲ್ಲ!

ಅವರು ಕಾದರು, ಜನ ಬಂದರು. ನೋಡಿದವರು ಡೈಲಾಗ್ ಹೇಳೋಕೆ ಶುರುಮಾಡಿದರು, ಅದನ್ನು ಕೇಳಿದವರು ನೋಡೋಕೆ ಹೋದರು. ಬರೀ ಡೈಲಾಗಿನ ರೆಕಾರ್ಡ್ ಬಂದು, ಅದೂ ಭರ್ಜರಿ ಮಾರಾಟವಾಯಿತು. ಮುಂಬೈನ ಮಿನರ್ವಾದಲ್ಲಿ ಐದು ವರ್ಷ ಓಡಿತು. ತಮಾಷೆ ಅಂದರೆ ಆ ವರ್ಷದ ಫಿಲ್ಮ್‌ಫೇರಿನಲ್ಲಿ ‘ಶೋಲೆ’ಗೆ ಸಿಕ್ಕಿದ್ದು ಒಂದೇ ಪ್ರಶಸ್ತಿ, ಸಂಕಲನಕ್ಕೆ. 2005ರಲ್ಲಿ ಅದೇ ಫಿಲ್ಮ್‌ಫೇರ್ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರ ಅಂತ ಪಟ್ಟ ಕಟ್ಟಿತು. ಮೂವತ್ತು ವರ್ಷ ಲೇಟು, ಇರಲಿ.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಗೆ ಮಾಗಡಿಯ ಸಾವನದುರ್ಗದಲ್ಲಿ ಶೂಟಿಂಗ್ ಮಾಡಿದ. ವಿಮರ್ಶಕರು ಹೊಗಳಿದರು, ಎರಡು ಆಸ್ಕರ್ ಬಂತು. ಆದರೆ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅದರ ಒಂದು ಡೈಲಾಗ್ ಕೇಳಿ ನೋಡೋಣ. ‘ಶೋಲೆ’ದು ಕೇಳಿದರೆ ಕಂಡಕ್ಟರೂ ಹೇಳ್ತಾನೆ, ಟೀ ಅಂಗಡಿಯವನೂ ಹೇಳ್ತಾನೆ. ಲೀನ್ ಸಿನಿಮಾ ಕಡಿಮೆ ಅಂತಲ್ಲ. ನಗಿಸಿದ್ದು ಜನರ ಬಾಯಲ್ಲಿ ಉಳಿಯುತ್ತೆ, ಅಷ್ಟೇ.

ಈಗ ನನ್ನ ತಪ್ಪೊಪ್ಪಿಗೆ. ದೊಡ್ಡಪ್ಪನ ಟ್ಯಾಂಕಿ ಮಾತು ನನಗೆ ಚುಚ್ಚಿದ್ದು ಇದಕ್ಕೇ.

ಮೂರು ವರ್ಷದ ಹಿಂದೆ ಒಂದು ಸಣ್ಣ ಕನ್ನಡ ಸಿನಿಮಾ ಬಂದಿತ್ತು. ಹೆಸರು ಬೇಡ. ಇಬ್ಬರು ಗೆಳೆಯರು, ಒಂದು ಕಳ್ಳತನ, ಒಂದಕ್ಕೊಂದು ಗೋಜಲು. ಶುಕ್ರವಾರ ಆಫೀಸು ಮುಗಿಸಿ ಸೆಕೆಂಡ್ ಶೋಗೆ ಹೋಗಿದ್ದೆ. ನಿದ್ದೆ ಕಣ್ಣು, ಥಿಯೇಟರಿನಲ್ಲಿ ಹತ್ತು ಜನ. ಖಾಲಿ ಥಿಯೇಟರಿನಲ್ಲಿ ಕಾಮಿಡಿ ನೋಡಿದ್ದೀರಾ? ಒಬ್ಬ ನಕ್ಕರೆ ಅವನಿಗೇ ನಾಚಿಕೆ ಆಗುತ್ತೆ. ಮನೆಗೆ ಬಂದು ರಾತ್ರಿ ಒಂದು ಗಂಟೆಗೆ, ‘ಸೆಕೆಂಡ್ ಹಾಫ್ ಎಳೆತ, ಲಾಜಿಕ್ ಇಲ್ಲ’ ಅಂತ ಬರೆದು ಎರಡು ಸ್ಟಾರ್ ಕೊಟ್ಟೆ. ನಿಮ್ಮಲ್ಲೂ ಕೆಲವರು, ‘ದುಡ್ಡು ಉಳಿಸಿದ್ರಿ ಗುರೂ’ ಅಂದಿದ್ದಿರಿ. ಸೋಮವಾರದ ಹೊತ್ತಿಗೆ ನಮ್ಮ ಕಡೆ ಒಂದು ಶೋನೂ ಉಳಿದಿರಲಿಲ್ಲ.

ವರ್ಷ ಕಳೆದಮೇಲೆ ಕನಕಪುರದಲ್ಲಿ ಗೆಳೆಯನ ಮದುವೆ. ಹಿಂದಿನ ರಾತ್ರಿ ಹನ್ನೆರಡು ಜನ ಒಂದೇ ರೂಮಿನಲ್ಲಿ. ಯಾರೋ ಲ್ಯಾಪ್‌ಟಾಪಿನಲ್ಲಿ ಅದೇ ಸಿನಿಮಾ ಹಾಕಿದರು. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ಮಾರನೇ ದಿನ ಊಟದ ಪಂಕ್ತಿಯಲ್ಲೂ ಅದರದೇ ಡೈಲಾಗು. ಅಲ್ಲಿದ್ದ ಚನ್ನಪಟ್ಟಣದ ಹುಡುಗನೊಬ್ಬ ಸುಮ್ಮನೆ ನಗ್ತಾ ಕೂತಿದ್ದ. ಆಮೇಲೆ ಗೊತ್ತಾಯ್ತು, ಅವನು ಆ ಸಿನಿಮಾಗೆ ಮೂರು ವರ್ಷ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದವನು. ಈಗ ಬಿಡದಿಯಲ್ಲಿ ಶಿಫ್ಟ್ ಕೆಲಸ. ನನ್ನ ಬರಹ ಓದಿದ್ದನಂತೆ. "ಬಿಡಣ್ಣ, ನಿನಗೆ ಅವತ್ತು ಹಂಗನ್ಸಿತ್ತು" ಅಂದ. ಬೈದಿದ್ದರೆ ವಾಸಿಯಿತ್ತು.

ನನ್ನ ಎರಡು ಸ್ಟಾರಿನಿಂದಲೇ ಸಿನಿಮಾ ಬಿತ್ತು ಅನ್ನೋ ಭ್ರಮೆ ನನಗಿಲ್ಲ. ನನ್ನನ್ನು ಓದೋರು ನೀವು ಇಷ್ಟು ಜನ. ಆದರೆ ನೂರು ಜನ ನನ್ನಂಥವರು ಶುಕ್ರವಾರ ರಾತ್ರಿಯೇ ತೀರ್ಪು ಕೊಟ್ಟರೆ? ಮಲ್ಟಿಪ್ಲೆಕ್ಸಿನವರು ಸೀಟು ತುಂಬಿದ ಲೆಕ್ಕ ನೋಡಿ ಶೋ ಕತ್ತರಿಸುತ್ತಾರೆ. ಒಂದು ಜೋಕು ಬಾಯಿಂದ ಬಾಯಿಗೆ ಹೋಗಿ, ಅದನ್ನು ಕೇಳಿದವನು ಮನೆಯವರನ್ನು ಒಪ್ಪಿಸಿ ಥಿಯೇಟರಿಗೆ ಬರೋಕೆ ಮೂರು ದಿನ ಸಾಲಲ್ಲ ಸ್ವಾಮಿ. ಧರ್ಮೇಂದ್ರ, ಅಮಿತಾಭ್, 70 ಎಂಎಂ ಎಲ್ಲ ಇದ್ದ ‘ಶೋಲೆ’ಯವರೇ ಮೊದಲ ದಿನಗಳಲ್ಲಿ ನಡುಗಿದ್ದರು. ಅದೇ 1975ರಲ್ಲಿ ನಮ್ಮಲ್ಲಿ ವಿಷ್ಣುವರ್ಧನ್, ದ್ವಾರಕೀಶ್ ಜೋಡಿಯ ‘ಕಳ್ಳ ಕುಳ್ಳ’ ಬಂತು. ಇವತ್ತಿಗೂ ಟೀವಿಯಲ್ಲಿ ಆ ಜೋಡಿಯ ಸಿನಿಮಾ ಬಂದರೆ ನಮ್ಮಮ್ಮ ಒಲೆ ಸಣ್ಣ ಮಾಡಿ ಬಂದು ಕೂರ್ತಾರೆ. ಅಂಥದ್ದು ಈಗ ಹೊಸ ಹುಡುಗರಿಂದ ಬಂದರೆ ಸೋಮವಾರ ದಾಟೋದು ಹೇಗೆ?

ಕೆಟ್ಟ ಸಿನಿಮಾನ ಚೆನ್ನಾಗಿದೆ ಅನ್ನಿ ಅಂತ ನಾನು ಹೇಳ್ತಿಲ್ಲ. ಟಿಕೆಟ್ಟಿಗೆ ನಮ್ಮ ದುಡ್ಡು ಹೋಗುತ್ತೆ, ಬೇಸರ ಆದರೆ ಬೇಸರ ಅಂತಲೇ ಬರೀಬೇಕು. ಕನ್ನಡ ಸಿನಿಮಾ ಅನ್ನೋ ಕನಿಕರವೂ ಬೇಡ. ನನ್ನ ಮಾತು ಇಷ್ಟೇ: ನಗೆಯ ಸಿನಿಮಾಗೆ ಮೊದಲ ರಾತ್ರಿಯ ತೀರ್ಪು ಬೇಡ. ಲಾಜಿಕ್ಕಿನ ತಪ್ಪು ಒಂದೇ ಸಲಕ್ಕೆ ಕಾಣುತ್ತೆ, ತಮಾಷೆಯ ರುಚಿ ಹತ್ತೋಕೆ ಟೈಮ್ ಬೇಕು, ಜೊತೆಗೆ ನಾಲ್ಕು ಜನ ಬೇಕು. ನಾವು ಕೋಡು ಬರೆಯೋರು, ಟೆಸ್ಟ್ ಮಾಡದೆ ಬಗ್ಗು ಅಂತ ಹೇಳಲ್ಲ. ಸಿನಿಮಾ ವಿಷಯದಲ್ಲಿ ಮಾತ್ರ ಏನು ಅವಸರ?

ನಾನಂತೂ ಇನ್ನು ಮುಂದೆ ಕಾಮಿಡಿಗೆ ಸ್ಟಾರ್ ಕೊಡೋದಿಲ್ಲ. ಭಾನುವಾರ ತುಂಬಿದ ಥಿಯೇಟರಿನಲ್ಲಿ ನೋಡಿ, ಬುಧವಾರಕ್ಕೂ ಒಂದು ಡೈಲಾಗು ನೆನಪಿದ್ದರೆ ಆಮೇಲೆ ಬರೀತೀನಿ. ಅಷ್ಟರಲ್ಲಿ ಸಿನಿಮಾನೇ ಎತ್ತಂಗಡಿ ಆಗಿದ್ದರೆ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಹೇಳಿ.

ದೊಡ್ಡಪ್ಪನನ್ನು ರಾತ್ರಿ ಮೈಸೂರಿನ ಬಸ್ಸು ಹತ್ತಿಸಿದೆ. ಕಿಟಕಿಯಿಂದ ತಲೆ ಹಾಕಿ, "ಮುಂದಿನ ವಾರಾನೂ ಇರ್ತದೇನ್ಲಾ?" ಅಂದರು. ಮೊಬೈಲ್ ತೆಗೆದು ಶೋ ನೋಡಿದೆ. ಅರ್ಧಕ್ಕರ್ಧ ಕಡಿಮೆಯಾಗಿದ್ದವು. "ಇರ್ತದೆ ದೊಡ್ಡಪ್ಪ" ಅಂದೆ.