ಮುಳುಗಿದ್ದಲ್ಲ, ಮುಳುಗಿಸಿದ್ದು

ಹೋದ ವರ್ಷ ಪ್ರವಾಸ ಸಂಸ್ಥೆಯೊಂದರ ಸ್ಕೂಬಾ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಹನ್ನೆರಡು ಪುಟ, ಪದಕ್ಕಿಷ್ಟು ಎಂಬ ಲೆಕ್ಕ. ಅದರಲ್ಲಿ ನಾಲ್ಕು ಹಡಗುಗಳಿದ್ದವು. ಎರಡು ದುರಂತದಲ್ಲಿ ಮುಳುಗಿದವು, ಇನ್ನೆರಡು ಡೈವಿಂಗಿಗೆಂದೇ ಮುಳುಗಿಸಿದವು. ನಾನು ಹಾಗೆಯೇ ಬರೆದೆ. ತಿದ್ದಿ ಬಂದ ಪ್ರತಿಯಲ್ಲಿ ನಾಲ್ಕೂ ‘ಮುಳುಗಿದ ಹಡಗು’ಗಳಾಗಿದ್ದವು. ಫೋನ್ ಮಾಡಿದರೆ, “ಮೇಡಂ, ಮುಳುಗಿಸಿದ್ದು ಅಂದರೆ ಡೂಪ್ಲಿಕೇಟ್ ಅನ್ನಿಸುತ್ತೆ, ಥ್ರಿಲ್ ಹೋಗಿಬಿಡುತ್ತೆ” ಎಂದರು.

ಒಂದು ‘ಇಸು’ವಿಗಾಗಿ ಜಗಳವಾಡಿ ಸೋತೆ. ಇಂಗ್ಲಿಷಿನ ‘ಸಂಕನ್’ ಎರಡಕ್ಕೂ ಸಲ್ಲುತ್ತದೆ, ಯಾರನ್ನೂ ಕಟಕಟೆಗೆ ಕರೆಯುವುದಿಲ್ಲ. ನಮ್ಮಲ್ಲಿ ಹಾಗಲ್ಲ. ‘ಮುಳುಗಿಸಿದ’ ಎಂದ ಕೂಡಲೇ ಯಾರು, ಯಾಕೆ ಎಂಬ ಪ್ರಶ್ನೆ ಏಳುತ್ತದೆ. ನೀವು ಪುಣೆಯಲ್ಲಿದ್ದರೆ ‘ಬುಡಾಲೇಲಂ’, ‘ಬುಡವಲೇಲಂ’ ಕೇಳಿರುತ್ತೀರಿ. ದಿಲ್ಲಿಯಲ್ಲಿದ್ದರೆ ‘ಡೂಬಾ’, ‘ಡುಬೋಯಾ’. ನಮ್ಮ ಭಾಷೆಗಳು ಬಿಟ್ಟುಕೊಡದ ಲೆಕ್ಕ ಇದು.

ಡೈವಿಂಗ್ ಮಂದಿಯಲ್ಲಿ ಒಂದು ಜಾತಿಪದ್ಧತಿಯಿದೆ. ದುರಂತದಲ್ಲಿ ಮುಳುಗಿದ್ದು ಅಸಲಿ, ಬೇಕೆಂದು ಮುಳುಗಿಸಿದ್ದು ನಕಲಿ. ನೇತ್ರಾಣಿಯಲ್ಲಿ ಎರಡು ಸಲ ನೀರಿಗಿಳಿದು ಬಂದ ನನ್ನಂಥವಳಿಗೂ ಈ ಪಾಠ ದೋಣಿಯಲ್ಲೇ ಆಯಿತು. ‘ಅಸಲಿ’ ಎಂದರೇನು ಎಂದು ಯಾರೂ ಬಿಡಿಸಿ ಹೇಳಲಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡನ್ನೇ ತೆಗೆದುಕೊಳ್ಳಿ. 1911ರ ಮಾರ್ಚಿನಲ್ಲಿ ಯೊಂಗಾಲ ಎಂಬ ಉಗಿಹಡಗು ಚಂಡಮಾರುತಕ್ಕೆ ಸಿಕ್ಕಿತು. ಅದರಲ್ಲಿ ವೈರ್‌ಲೆಸ್ ಇರಲಿಲ್ಲ, ಎಚ್ಚರಿಕೆ ತಲುಪಲಿಲ್ಲ. 122 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ದಡಕ್ಕೆ ಬಂದ ಶವ ಒಂದು ರೇಸ್ ಕುದುರೆಯದು ಮಾತ್ರ. ಈಗ ಅಲ್ಲಿ ಆಮೆ, ಕಡಲಹಾವು, ದೈತ್ಯ ಮೀನುಗಳು. ಜಗತ್ತಿನ ಅತ್ಯುತ್ತಮ ಡೈವ್‌ಗಳ ಪಟ್ಟಿಯಲ್ಲಿ ಅದರ ಹೆಸರು ಬರುತ್ತಲೇ ಇರುತ್ತದೆ. ಆದರೆ ಹಡಗಿನ ಒಳಗೆ ಹೋಗುವುದಕ್ಕೆ ಕಾನೂನು ಬಿಡುವುದಿಲ್ಲ. ಅದೇ ರಾಜ್ಯದ ಮೂಲೂಲಬಾ ಬಳಿ 2005ರಲ್ಲಿ ನಿವೃತ್ತ ಯುದ್ಧನೌಕೆ ಬ್ರಿಸ್ಬೇನನ್ನು ಮುಳುಗಿಸಿದರು. ಅದರ ಮೈಯಲ್ಲಿ ಡೈವರ್‌ಗಳು ಒಳಹೊಕ್ಕು ಹೊರಬರಲೆಂದೇ ಕಿಂಡಿಗಳನ್ನು ಕೊರೆದಿದ್ದಾರೆ.

ಒಂದು ಸಮಾಧಿ, ಇನ್ನೊಂದು ಆಟದ ಮನೆ. ‘ಅಸಲಿ’ಯ ರುಚಿ ಎಲ್ಲಿಂದ ಬರುತ್ತದೆ ಎಂಬುದು ಇಲ್ಲೇ ಗೊತ್ತಾಗುತ್ತದೆ: ಯಾರೋ ಸತ್ತಿದ್ದಾರೆ ಎಂಬುದರಿಂದ. ಕೆಂಪು ಸಮುದ್ರದ ಥಿಸಲ್‌ಗಾರ್ಮ್‌ ಮೇಲೆ 1941ರ ಅಕ್ಟೋಬರಿನಲ್ಲಿ ಜರ್ಮನ್ ಬಾಂಬು ಬಿತ್ತು, 9 ಜನ ಸತ್ತರು. (ಇಲ್ಲೂ ‘ಇಸು’ ಉಂಟಲ್ಲ ಎಂದರೆ, ಉಂಟು. ಮುಳುಗಿಸಿದವನು ಶತ್ರು. ಡೈವರ್‌ಗಳು ಇದನ್ನೂ ಅಸಲಿಯ ಸಾಲಿಗೇ ಸೇರಿಸುತ್ತಾರೆ.) ಒಳಗಿದ್ದ ಮೋಟಾರ್‌ಸೈಕಲ್‌ಗಳ ಬಿಡಿಭಾಗಗಳನ್ನು ಪ್ರವಾಸಿಗರು ನೆನಪಿಗೆಂದು ಕಳಚಿಕೊಂಡು ಹೋದರು. ಮಸಣದಿಂದ ಯಾರೂ ಹೂದಾನಿ ಎತ್ತಿಕೊಂಡು ಬರುವುದಿಲ್ಲ. ಮೂವತ್ತು ಮೀಟರ್ ನೀರಿನ ಕೆಳಗೆ ಆ ನಾಚಿಕೆ ಎಲ್ಲಿ ಹೋಗುತ್ತದೋ.

ಹಾಗಾಗಿ ನನ್ನ ಓಟು ನಕಲಿಗೆ. ಒಳಹೊಕ್ಕು ಆಡಬೇಕೆಂದಿದ್ದರೆ ಮುಳುಗಿಸಿದ ಹಡಗಿಗೆ ಹೋಗಿ. ಆದರೆ ಅದನ್ನು ಮಾರುವವರ ಜೊತೆಗೂ ನನಗೆ ತಕರಾರಿದೆ, ಅದು ಇನ್ನೂ ದೊಡ್ಡದು.

ಅವರು ‘ಇಸು’ವನ್ನು ಅಳಿಸುವುದು ಥ್ರಿಲ್ಲಿಗಾಗಿ ಮಾತ್ರ ಅಲ್ಲ. ಅಮೆರಿಕದ ನೌಕಾಪಡೆ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯನ್ನು 2006ರ ಮೇ 17ರಂದು ಫ್ಲಾರಿಡಾದ ಪೆನ್ಸಕೋಲಾ ಬಳಿ ಮುಳುಗಿಸಿತು. ಸುಮಾರು 270 ಮೀಟರ್ ಉದ್ದದ್ದು 37 ನಿಮಿಷದಲ್ಲಿ ತಳ ಸೇರಿತು. ಮೀನುಗಳಿಗೆ ಮನೆ ಎಂದು ಸಂಭ್ರಮವೋ ಸಂಭ್ರಮ. ಅದರ ಕೇಬಲ್‌ಗಳ ಹೊದಿಕೆಯಲ್ಲಿ ಪಿಸಿಬಿ ಎಂಬ ವಿಷ ರಾಸಾಯನಿಕ 300 ಕಿಲೋಗೂ ಹೆಚ್ಚು ಉಳಿದಿತ್ತು. ಸರ್ಕಾರದ ಪರಿಸರ ಸಂಸ್ಥೆಯೇ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಹಳೆಯ ಹಡಗನ್ನು ಬಿಚ್ಚಿ ವಿಲೇವಾರಿ ಮಾಡುವುದು ಖರ್ಚಿನ ಬಾಬತ್ತು. ಮುಳುಗಿಸಿ ‘ಕೃತಕ ಬಂಡೆ’ ಎಂದು ಹೆಸರಿಟ್ಟರೆ ಖರ್ಚೂ ಇಳಿಯಿತು, ಪುಣ್ಯವೂ ಬಂತು. ಫ್ಲಾರಿಡಾದಲ್ಲೇ 1970ರ ದಶಕದಲ್ಲಿ ಹಳೆಯ ಟೈರುಗಳನ್ನು ಲಕ್ಷಗಟ್ಟಲೆ ಸಮುದ್ರಕ್ಕೆ ಸುರಿದು ಅದಕ್ಕೂ ಬಂಡೆ ಎಂದೇ ಕರೆದಿದ್ದರು. ಕಟ್ಟು ಕಿತ್ತುಹೋಗಿ ಟೈರುಗಳು ಪಕ್ಕದ ನಿಜವಾದ ಹವಳಕ್ಕೆ ಹೋಗಿ ಬಡಿದವು.

ಹಡಗಾದರೂ ಹೇಳಿದ ಮಾತು ಕೇಳುತ್ತದೆಯೇ? 2002ರಲ್ಲಿ ಕೀ ಲಾರ್ಗೋ ಬಳಿ ಸ್ಪೀಗಲ್ ಗ್ರೋವ್ ಮುಹೂರ್ತಕ್ಕೆ ಮೊದಲೇ ಮುಳುಗಲು ಶುರುಮಾಡಿ ತಲೆಕೆಳಗಾಯಿತು. ಎಷ್ಟೋ ಕಷ್ಟಪಟ್ಟು ಪಕ್ಕಕ್ಕೆ ಮಲಗಿಸಿದರು. 2005ರಲ್ಲಿ ಡೆನಿಸ್ ಚಂಡಮಾರುತ ಬಂದು ನೆಟ್ಟಗೆ ನಿಲ್ಲಿಸಿ ಹೋಯಿತು. ವ್ಯಾಕರಣದಲ್ಲಿ ಕರ್ತೃ ಯಾರು ಎಂದು ಕೇಳಿದರೆ ಅಲ್ಲಿಯವರೂ ತಡವರಿಸಬೇಕು.

ಇದು ಈಗ ನಮ್ಮ ಅಂಗಳಕ್ಕೂ ಬಂದಿದೆ. 2024ರಲ್ಲಿ ನಿವೃತ್ತವಾದ ನಮ್ಮ ನೌಕಾಪಡೆಯ ಗುಲ್ದಾರ್ ಹಡಗನ್ನು ಸಿಂಧುದುರ್ಗದ ನಿವತಿ ಬಳಿ ಮುಳುಗಿಸಿ ನೀರಡಿಯ ವಸ್ತುಸಂಗ್ರಹಾಲಯ ಮಾಡುವ ಯೋಜನೆ ಮಹಾರಾಷ್ಟ್ರದ್ದು. 2025ರಲ್ಲಿ ಹಡಗು ಕೈಬದಲಾದದ್ದು ನಮ್ಮ ಕಾರವಾರದಲ್ಲಿ. ಅದೇ ಊರಿನ ಕಡಲತೀರದಲ್ಲಿ ಚಪಲ್ ಎಂಬ ಇನ್ನೊಂದು ಹಡಗು ಮರಳ ಮೇಲೆ ಕೂತಿದೆ. ಅದಕ್ಕೆ ತುಕ್ಕು ಹಿಡಿದರೆ ಹಾದುಹೋಗುವ ಎಲ್ಲರಿಗೂ ಕಾಣುತ್ತದೆ. ನೀರಡಿಯ ತುಕ್ಕನ್ನು ನೋಡುವವರು ಟಿಕೆಟ್ ಮಾರುವವರು ಮತ್ತು ಕೊಂಡವರು ಮಾತ್ರ.

ನಾನು ಆ ಯೋಜನೆಗೆ ವಿರೋಧಿಯಲ್ಲ, ಟಿಕೆಟ್ ಸಿಕ್ಕರೆ ಹೋಗುವವಳೇ. ಆದರೆ ದೋಣಿ ಹತ್ತುವಲ್ಲಿ ಒಂದು ಫಲಕ ಬೇಕು: ಮುಳುಗಿಸಿದವರು ಯಾರು, ಯಾವತ್ತು, ಎಣ್ಣೆ, ಬಣ್ಣ, ಕೇಬಲ್ ಏನೇನು ತೆಗೆದರು, ಏನೇನು ಬಿಟ್ಟರು, ಪ್ರತಿ ವರ್ಷ ನೀರನ್ನು ಪರೀಕ್ಷಿಸುವವರು ಯಾರು. ಮರಾಠಿಯಲ್ಲಿ ಹಾಕಲಿ, ಕನ್ನಡದಲ್ಲೂ ಹಾಕಲಿ. ಆ ಕಡಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ಬೇಕಿದ್ದರೆ ಬಿಟ್ಟಿಯಾಗಿ ಅನುವಾದ ಮಾಡಿಕೊಡುತ್ತೇನೆ.

ಅಂದಹಾಗೆ, ಆ ಕೈಪಿಡಿಯ ಎರಡನೆಯ ಆವೃತ್ತಿಗೆ ಮತ್ತೆ ಕರೆ ಬಂದಿದೆ. ‘ಇಸು’ವನ್ನು ಮುಟ್ಟುವುದಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ಎಂದು ಮೇಲ್ ಹಾಕಿದ್ದೇನೆ. ಹನ್ನೊಂದು ದಿನವಾಯಿತು, ಉತ್ತರವಿಲ್ಲ.